ಊರು ಯಾವುದು ಅಂತ ಕೇಳಬೇಡಿ, ಬಸ್ ಎಲ್ಲಿ ಹತ್ತಿದ್ರಿ ಅಂತ ಕೇಳಿ

ನಾನು 27 ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಶಿವಮೊಗ್ಗ–ತೀರ್ಥಹಳ್ಳಿ ಲೈನೇ ಜಾಸ್ತಿ, ನಡುವೆ ಸ್ವಲ್ಪ ದಿನ ಸಾಗರದ ಕಡೆ. ಮಂಡಿ ನೋವು ಶುರುವಾದ ಮೇಲೆ ಬಿಟ್ಟೆ. ಮನೆಯಲ್ಲಿ ಕೂತು ಕೂತು ನನಗೆ ಬೇಜಾರು, ನನ್ನನ್ನು ನೋಡಿ ನೋಡಿ ಮನೆಯವಳಿಗೆ ಇನ್ನೂ ಬೇಜಾರು. ಕೊನೆಗೆ ಶಿವಮೊಗ್ಗದ ಒಂದು ನಿರ್ವಸತಿಗರ ಆಶ್ರಯ ಕೇಂದ್ರಕ್ಕೆ ವಾರಕ್ಕೆ ಮೂರು ರಾತ್ರಿ ಹೋಗೋಕೆ ಹಿಡಿದೆ. ನಾಲ್ಕು ವರ್ಷ ಆಯಿತು. ನಾವೂ ಬರಬಹುದಾ, ಅಲ್ಲಿ ಏನು ಕೆಲಸ ಇರುತ್ತೆ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ನಾನು ಮಾಡಿದ್ದು, ಕೆಡಿಸಿದ್ದು ಎರಡನ್ನೂ ಬರೆದುಬಿಡುತ್ತೇನೆ.

ಇಂಥ ಕೇಂದ್ರ ಅಂದರೆ ಭಿಕ್ಷುಕರನ್ನು ಹಿಡಿದು ತಂದು ಕೂರಿಸುವ ಜಾಗ ಅಂತಲೇ ನಾನೂ ತಿಳಿದಿದ್ದೆ. ಅದು ಬೇರೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ ಇರುವ ನಿರಾಶ್ರಿತರ ಪರಿಹಾರ ಕೇಂದ್ರ ಅದು. ನಾನು ಹೋಗುವ ಕಡೆಗೆ ಜನ ತಾವಾಗೇ ಬರುತ್ತಾರೆ, ಬೇಡ ಅನಿಸಿದರೆ ಎದ್ದು ಹೋಗುತ್ತಾರೆ. ಲಕ್ಷ ಜನರಿಗೆ ಒಂದರಂತೆ ಇಂಥ ಕೇಂದ್ರ ಇರಬೇಕು, ವರ್ಷವಿಡೀ 24 ಗಂಟೆ ತೆರೆದಿರಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇದಕ್ಕೆ ಅಂತಲೇ ಒಂದು ಯೋಜನೆ ಇತ್ತು. ಅದರ ಲೆಕ್ಕದಲ್ಲಿ ತಲೆಗೆ 50 ಚದರ ಅಡಿ ಜಾಗ. ಅಷ್ಟು ಜಾಗದಲ್ಲಿ ಹನ್ನೆರಡು ಜನರನ್ನು ನಿಲ್ಲಿಸಿ, ಇನ್ನೂ ಸ್ವಲ್ಪ ಒಳಗೆ ಹೋಗ್ರಿ ಅಂದವನು ನಾನು, ಅದು ಬೇರೆ ಮಾತು. 2011ರ ಜನಗಣತಿಯಲ್ಲೇ ಶಿವಮೊಗ್ಗ ನಗರ 3 ಲಕ್ಷ ದಾಟಿತ್ತು. ಎಷ್ಟು ಕೇಂದ್ರ ಬೇಕು ಅಂತ ನೀವೇ ಲೆಕ್ಕ ಹಾಕಿ.

ಮೊದಲ ಎರಡು ತಿಂಗಳು ನಾನು ಊಟ ಬಡಿಸಿದೆ. ಹೊಸಬರೆಲ್ಲ ಅದನ್ನೇ ಮಾಡುವುದು. ಸುಲಭ, ಮನಸ್ಸಿಗೂ ಹಿತ. ಆದರೆ ಊಟಕ್ಕೆ ಅಷ್ಟೇನೂ ತಾಪತ್ರಯ ಇಲ್ಲ ಅಂತ ಬೇಗ ಗೊತ್ತಾಯಿತು. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಅದಲ್ಲದೆ ಹಬ್ಬದ ದಿನ ಐದು ಕಡೆಯಿಂದ ಪಲಾವ್ ಬಂದು ಬೀಳುತ್ತದೆ, ಮಾರನೆಯ ದಿನ ಯಾರೂ ಇಲ್ಲ. ಮದುವೆ ಮನೆಯಲ್ಲಿ ಉಳಿದಿದ್ದು ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಮೂಸಿ ನೋಡಿ, ಸ್ವಲ್ಪ ಹುಳಿ ವಾಸನೆ ಬಂದರೂ ವಾಪಸ್ ಕಳಿಸಬೇಕು, ಕೊಟ್ಟವರಿಗೆ ಸಿಟ್ಟು ಬಂದರೂ ಸರಿ. ಮಗುವಿನ ಹುಟ್ಟುಹಬ್ಬಕ್ಕೆ ಜಿಲೇಬಿ ತರುವವರು ಇದ್ದಾರೆ. ಮಲಗಿದವರಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಜನ ಅಂತ ಯಾರೂ ಕೇಳಲ್ಲ, ಫೋಟೋಗೆ ಎಲ್ಲರೂ ಈ ಕಡೆ ನೋಡಿ ಅಂತಾರೆ. ಫೋಟೋ ಬೇಡ ಅಂತ ನಾನು ಬಾಗಿಲಲ್ಲೇ ಹೇಳಿಬಿಡುತ್ತೇನೆ. ನಿಜವಾಗಿ ಬೇಕಾಗಿರುವುದು ಉಗುರು ಕತ್ತರಿ, ಹವಾಯಿ ಚಪ್ಪಲಿ, ಹೊಸ ಚಡ್ಡಿ, ಲುಂಗಿ, ಕಜ್ಜಿಗೆ ಹಚ್ಚುವ ಪರ್ಮೆಥ್ರಿನ್ ಕ್ರೀಮು. ಇವನ್ನು ಯಾರೂ ತರಲ್ಲ. ಹುಟ್ಟುಹಬ್ಬಕ್ಕೆ ಚಡ್ಡಿ ದಾನ ಮಾಡಿದೆ ಅಂತ ಹೇಳಿಕೊಳ್ಳೋದು ಹೇಗೆ, ಅಲ್ವಾ?

ಆಮೇಲೆ ನನ್ನನ್ನು ರಿಜಿಸ್ಟರಿಗೆ ಹಾಕಿದರು. ಬಂದವರ ಹೆಸರು, ವಯಸ್ಸು, ಊರು, ಮನೆಯವರ ಫೋನು ಬರೆದುಕೊಳ್ಳುವ ಕೆಲಸ. ಜೊತೆಗೆ ಮಳೆಗಾಲದಲ್ಲಿ ರಾತ್ರಿ ಹತ್ತರ ಮೇಲೆ ಬಸ್ ನಿಲ್ದಾಣ, ರೈಲು ನಿಲ್ದಾಣ, ಗಾಂಧಿ ಬಜಾರಿನ ಅಂಗಡಿ ಜಗಲಿ ಎಲ್ಲ ಒಂದು ಸುತ್ತು ಹಾಕುವುದು. ಹಗಲು ಹೋದರೆ ಉಪಯೋಗ ಇಲ್ಲ. ಹಗಲಿನಲ್ಲಿ ಬಸ್ ನಿಲ್ದಾಣದಲ್ಲಿ ಕೂತವರೆಲ್ಲ ಪ್ರಯಾಣಿಕರೇ. ಕೊನೆ ಬಸ್ ಹೋದ ಮೇಲೂ ಬೆಂಚು ಬಿಡದವರು ನಮ್ಮವರು. ಇಷ್ಟು ವರ್ಷ ಅದೇ ನಿಲ್ದಾಣದಲ್ಲಿ ಚಹಾ ಕುಡಿದಿದ್ದೇನೆ, ಅವರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ರಿಜಿಸ್ಟರಿನಲ್ಲಿ ಊರು ಅನ್ನುವ ಕಾಲಂ ಅರ್ಧಕ್ಕರ್ಧ ಖಾಲಿ. ನಿಮ್ಮ ಊರು ಯಾವುದು ಅಂದರೆ ಸುಮ್ನೆ ಗೋಡೆ ನೋಡುತ್ತಾರೆ. ಊರು ಹೇಳಿದರೆ ಮನೆಗೆ ಫೋನ್ ಮಾಡುತ್ತಾರೆ, ಮಗ ಬರುತ್ತಾನೆ, ಮತ್ತೆ ಅದೇ ಜಗಳ, ಆ ಹೆದರಿಕೆ. ಕೆಲವರಿಗೆ ನಾಚಿಕೆ. ನನಗೆ ಕೆಲಸಕ್ಕೆ ಬಂದಿದ್ದು ಹಳೆ ಕಸುಬು. ಒಂದು ರಾತ್ರಿ ಬಾಯಿತಪ್ಪಿ, ಅಭ್ಯಾಸಬಲ, ಒಬ್ಬರನ್ನು “ಎಲ್ಲಿ ಹತ್ತಿದ್ರಿ?” ಅಂದೆ. ಅವರು ತಟ್ಟನೆ “ಮಂಡಗದ್ದೆ” ಅಂದರು. ನಮ್ಮ ತೀರ್ಥಹಳ್ಳಿ ಲೈನಿನದೇ ಊರು. ಊರು ಕೇಳಿದಾಗ ಬಾಯಿ ಬಿಡದ ಮನುಷ್ಯ! ಅವತ್ತಿನಿಂದ ನಾನು ಊರು ಕೇಳುವುದನ್ನೇ ಬಿಟ್ಟೆ. ಬಸ್ ಎಲ್ಲಿ ಹತ್ತಿದ್ರಿ, ಟಿಕೆಟ್ ಎಷ್ಟಾಯ್ತು, ದಾರಿಯಲ್ಲಿ ಎಲ್ಲಿ ಚಹಾಕ್ಕೆ ನಿಲ್ಲಿಸಿದರು. ನಾಲ್ಕು ಸ್ಟೇಜ್ ಗೊತ್ತಾದರೆ ಊರು ಗೊತ್ತಾದ ಹಾಗೆ. ಮಾತಿನಲ್ಲೂ ಸಿಗುತ್ತದೆ. “ಎಂತಕ್ಕೆ” ಅಂದರೆ ಘಟ್ಟದ ಕಡೆ, “ಯಾಕ್ರೀ” ಅಂದರೆ ಹಾವೇರಿ, ದಾವಣಗೆರೆ ಕಡೆಯಿಂದ ಶುಂಠಿ ಕೆಲಸಕ್ಕೋ ಅಡಿಕೆ ಕೆಲಸಕ್ಕೋ ಬಂದು ಇಲ್ಲೇ ಉಳಿದವರು. ಕನ್ನಡವೇ ಬರದವರು ರೈಲು ಹತ್ತಿ ಬಂದು ಇಳಿದಿರುತ್ತಾರೆ. ಒಮ್ಮೆ ಒಬ್ಬ ಹುಡುಗನ ಮಾತು ನಮಗ್ಯಾರಿಗೂ ಹತ್ತಲಿಲ್ಲ. ಬೀದಿ ಬದಿಯ ಪಾನಿಪುರಿ ಹುಡುಗನನ್ನು ಕರೆದುಕೊಂಡು ಬಂದೆ. ಹತ್ತು ನಿಮಿಷಕ್ಕೆ ಅಪ್ಪನ ಹೆಸರು, ಫೋನ್ ನಂಬರು ಎಲ್ಲ ಬಂತು.

ಆ ಮಂಡಗದ್ದೆಯವರಿಗೆ ಎಪ್ಪತ್ತು ಹತ್ತಿರ. ಅಜ್ಜ ಅಂತಲೇ ಕರೆಯುತ್ತೇನೆ. ಅಡಿಕೆ ತೋಟದಲ್ಲಿ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರಾಗಿದ್ದವರು. ಸುಗ್ಗಿ ಬಂದರೆ ನಾಲ್ಕು ತೋಟದವರು ಮನೆ ಬಾಗಿಲಿಗೆ ಬರುತ್ತಿದ್ದರಂತೆ, ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿಂದ ಮೇಲೇ ದಾಟುತ್ತಿದ್ದರಂತೆ. ಒಂದು ವರ್ಷ ಮರ ಮುರಿದು ಬಿದ್ದರು. ಸೊಂಟ ಹೋಯಿತು. ಆಮೇಲಿನದು ಅವರು ಹೇಳಿಲ್ಲ, ನಾನು ಕೇಳಿಲ್ಲ. ನಾನು ಯಾವ ಬಸ್ಸಿನಲ್ಲಿ ಇದ್ದೆ ಅಂತ ಗೊತ್ತಾದ ದಿನ ಮುಖ ದಿಟ್ಟಿಸಿ ನೋಡಿ, “ಹೌದನಾ? ಹಂಗಾರೆ ನೀವು ನಂಗೆ ಎರಡು ರೂಪಾಯಿ ಚಿಲ್ಲರೆ ಕೊಡಬೇಕು ಮಾರಾಯ್ರೆ, ಟಿಕೆಟ್ ಹಿಂದೆ ಬರ್ದು ಕೊಟ್ರಿ, ಇಳಿಯುವಾಗ ಕೊಡ್ಲಿಲ್ಲ” ಅಂದರು. ನಾನಾ, ಬೇರೆ ಯಾವ ಕಂಡಕ್ಟರೋ, ದೇವರಿಗೇ ಗೊತ್ತು. ಎರಡು ರೂಪಾಯಿ ಕೊಟ್ಟೆ. ಇಟ್ಟುಕೊಂಡರು.

ಕಜ್ಜಿ, ಕುಡಿತದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲಿ ತಪ್ಪಿದರೆ ಜೀವಕ್ಕೇ ಬರುತ್ತದೆ. ಕಜ್ಜಿ ಒಬ್ಬರಿಗೆ ಬಂದರೆ ಹಾಲ್‌ನಲ್ಲಿ ಮಲಗಿದವರಿಗೆಲ್ಲ ಬರುತ್ತದೆ. ತುರಿಸುವ ಜಾಗಕ್ಕೆ ಮಾತ್ರ ಕ್ರೀಮು ಹಚ್ಚಿದರೆ ಪ್ರಯೋಜನವಿಲ್ಲ, ರಾತ್ರಿ ಕತ್ತಿನಿಂದ ಅಂಗಾಲಿನವರೆಗೆ ಹಚ್ಚಿ ಬೆಳಿಗ್ಗೆ ಸ್ನಾನ, ಒಂದು ವಾರ ಬಿಟ್ಟು ಇನ್ನೊಂದು ಸಲ, ಅದೇ ದಿನ ಹೊದಿಕೆ, ಬಟ್ಟೆ ಎಲ್ಲ ಬಿಸಿನೀರಿಗೆ. ನಮ್ಮ ಮಳೆಗಾಲದಲ್ಲಿ ನಲವತ್ತು ಕಂಬಳಿ ಒಣಗಿಸಿ ನೋಡಿ, ಆಗ ಸಮಾಜಸೇವೆ ಅಂದರೆ ಏನು ಅಂತ ಗೊತ್ತಾಗುತ್ತದೆ. ಕುಡಿದು ಬಂದವರನ್ನು ಮಗ್ಗುಲಾಗಿ ಮಲಗಿಸಬೇಕು, ಅಂಗಾತ ಮಲಗಿಸಿದರೆ ವಾಂತಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನನ್ನ ದೊಡ್ಡ ತಪ್ಪು ಬೇರೆ. ದಿನಾ ಕುಡಿಯುವ ಒಬ್ಬರಿಗೆ ಇವತ್ತಿಂದ ಒಂದು ಹನಿ ಮುಟ್ಟಬಾರದು ಅಂತ ನಾನೇ ಆಣೆ ಹಾಕಿಸಿದೆ. ಪಾಪ, ಮಾತು ಉಳಿಸಿಕೊಂಡರು. ಮಾರನೆಯ ದಿನವೇ ಕೈ ನಡುಕ, ಮೂರನೆಯ ದಿನ ಗೋಡೆಯ ಮೇಲೆ ಇಲ್ಲದ ಹುಳ ತೋರಿಸೋಕೆ ಶುರು, ಸಂಜೆ ಫಿಟ್ಸ್ ಬಂತು. 108ಕ್ಕೆ ಫೋನ್ ಮಾಡಿ ಸೇರಿಸಿದೆವು. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಹೀಗೆ ಆಗುತ್ತದೆ, ಸಾಯಲೂಬಹುದು, ಡಾಕ್ಟರ ಕೈಯಲ್ಲೇ ಬಿಡಿಸಬೇಕು ಅಂತ ಅವತ್ತು ತಿಳಿಯಿತು. ಆಣೆ ಹಾಕಿಸುವ ಚಟ ನಾನು ಬಿಟ್ಟೆ.

ಬುದ್ಧಿ ಸ್ಥಿಮಿತ ಇಲ್ಲದೆ ಬೀದಿಯಲ್ಲಿ ಅಲೆಯುವವರು ಸಿಕ್ಕಿದರೆ ನಾವೇ ನಾಲ್ಕು ಜನ ಸೇರಿ ಎಳೆದು ತರುವುದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ. 112ಕ್ಕೆ ಹೇಳಿ, ಅವರು ಬರುವ ತನಕ ಜೊತೆಗೆ ನಿಂತಿರಿ, ಅಷ್ಟೇ.

ಕಾಗದದ ಕೆಲಸ ಬೋರು, ಆದರೆ ಅದೇ ಉಳಿಯುವ ಕೆಲಸ. ಮನೆ ಇಲ್ಲದವರಿಗೆ ವಿಳಾಸ ಎಲ್ಲಿಂದ ತರೋಣ? ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್‌ನ ನಮೂನೆಯಲ್ಲಿ ಪತ್ರ ಕೊಟ್ಟರೆ ಅದನ್ನು ವಿಳಾಸಕ್ಕೆ ಒಪ್ಪುತ್ತಾರೆ. ಅಡಿಕೆ ಸುಲಿದು, ಸಿಮೆಂಟು ಕಲಸಿ ಬೆರಳಿನ ಗೆರೆ ಸವೆದಿರುತ್ತದೆ, ಬೆರಳಚ್ಚು ಹಿಡಿಯಲ್ಲ, ಆಗ ಕಣ್ಣಿನ ಗುರುತು ತೆಗೆದುಕೊಳ್ಳಿ ಅಂತ ಕೇಳಿ. ಆಧಾರ್ ಆದ ಮೇಲೆ ಬ್ಯಾಂಕ್ ಖಾತೆ, ವಯಸ್ಸಾದವರಿಗೆ ಪಿಂಚಣಿ. ನಾಲ್ಕು ಸಲ ಓಡಾಡಬೇಕು, ಐದನೆಯ ಸಲ ಸರ್ವರ್ ಡೌನ್ ಇರುತ್ತದೆ.

ಇನ್ನು ಅಜ್ಜನ ಗಂಟಿನ ಕಥೆ. ಒಂದು ಭಾನುವಾರ ಹಾಲ್ ತೊಳೆಯುವುದಿತ್ತು. ಅಜ್ಜ ಸ್ನಾನಕ್ಕೆ ಹೋಗಿದ್ದರು. ಮೂಲೆಯಲ್ಲಿ ಗೊಬ್ಬರದ ಚೀಲದಲ್ಲಿ ಕಟ್ಟಿದ ಗಂಟು, ವಾಸನೆ ಬೇರೆ. ಬಿಚ್ಚಿದೆ. ಎರಡು ಹಳೆ ಅಂಗಿ, ಆಸ್ಪತ್ರೆ ಚೀಟಿ, ಬೀಡಿ, ಮತ್ತೆ ಒಂದು ಹಗ್ಗದ ಬಳೆ, ಬೆವರು ಕುಡಿದು ಕಪ್ಪಗಾಗಿದ್ದು. ಅಂಗಿ ಒಗೆಯೋಕೆ ಹಾಕಿದೆ, ಚೀಟಿ ಎತ್ತಿಟ್ಟೆ. ಹಗ್ಗ ಕಸಕ್ಕೆ ಎಸೆದೆ. ಮರ ಹತ್ತುವಾಗ ಕೊನೆಗಾರರು ಕಾಲಿಗೆ ಸಿಕ್ಕಿಸಿಕೊಳ್ಳುವ ಬಳೆ ಅದು. ಘಟ್ಟದ ದಾರಿಯಲ್ಲೇ ಆಯುಷ್ಯ ಕಳೆದವನು ನಾನು, ಅಂಥ ಬಳೆಯನ್ನು ಹೆಗಲಿಗೆ ಹಾಕಿಕೊಂಡವರಿಗೆ ಎಷ್ಟು ಟಿಕೆಟ್ ಹರಿದಿದ್ದೇನೋ, ಆದರೂ ಆ ಹೊತ್ತಿಗೆ ಅದು ಬರೀ ಕೊಳಕು ಹಗ್ಗವಾಗಿ ಕಂಡಿತು. ಅಜ್ಜ ಬಂದು ಗಂಟು ಮುಟ್ಟಿ ನೋಡಿದರು. “ಬಳೆ ಎಲ್ಲಿ?” ಅಂದರು. ಅಷ್ಟೊತ್ತಿಗೆ ಕಸದ ಗಾಡಿ ಹೋಗಿತ್ತು. ಸ್ಕೂಟರಿನಲ್ಲಿ ಹಿಂದೆ ಹೋಗಿ ಆ ಹುಡುಗರ ಜೊತೆ ನಿಂತು ಕೆದಕಿದೆ. ಸಿಗಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ, ಒಂಬತ್ತು ದಿನ ನನ್ನ ಜೊತೆ ಮಾತೂ ಆಡಲಿಲ್ಲ.

ಅದಾದ ಮೇಲೆ ಒಂದು ವ್ಯವಸ್ಥೆ ಮಾಡಿದೆ. ಬಸ್ಸಿನ ಲಗೇಜ್ ಚೀಟಿ ಇದೆಯಲ್ಲ, ಅದೇ ಥರ. ದಪ್ಪ ರಟ್ಟು ಕತ್ತರಿಸಿ ಎರಡು ಕಡೆ ಒಂದೇ ನಂಬರು ಬರೆದು, ಅರ್ಧ ಗಂಟಿಗೆ, ಅರ್ಧ ಅವರ ಕೈಗೆ. ಗಂಟು ಕಬ್ಬಿಣದ ರ‍್ಯಾಕಿನಲ್ಲಿ. ಅವರು ಎದುರಿಗೆ ಇಲ್ಲದೆ ಯಾರೂ ಬಿಚ್ಚಬಾರದು, ಹೇನು ಬಿದ್ದಿದ್ದರೂ ಸರಿ, ಕೇಳಿಯೇ ಬಿಚ್ಚಬೇಕು. ಈಗ ಎಲ್ಲರೂ ಬಂದ ತಕ್ಷಣ ಗಂಟು ಕೊಟ್ಟು ಚೀಟಿ ಇಸ್ಕೊಳ್ಳುತ್ತಾರೆ. ಅಜ್ಜನಿಗೆ ಅಂತ 1ನೇ ನಂಬರು ಬರೆದಿಟ್ಟಿದ್ದೇನೆ. ಮಾತು ಶುರುವಾಗಿದೆ, ಚಹಾ ಕೊಟ್ಟರೆ ಕುಡಿಯುತ್ತಾರೆ, ನಮ್ಮ ಲೈನಿನ ಬಸ್ಸುಗಳನ್ನು ಮೊದಲಿನಂತೆ ಆಡಿಕೊಳ್ಳುತ್ತಾರೆ. ಚೀಟಿ ಮಾತ್ರ ಮುಟ್ಟಿಲ್ಲ. ಗಂಟನ್ನು ಈಗಲೂ ತಲೆಯಡಿಗೇ ಇಟ್ಟುಕೊಂಡು ಮಲಗುತ್ತಾರೆ.