ನನ್ನ ವೆಬ್‌ಸೈಟಿನ ಬರಹವನ್ನು ನಾನೇ ತಿದ್ದುವ ಬಗೆ: ನನ್ನ ಅನುಭವ

ತಾನು ಬರೆದದ್ದನ್ನು ತಾನೇ ತಿದ್ದೋಕೆ ಆಗಲ್ಲ ಅಂತ ಹೇಳಿದವರೇ ಜಾಸ್ತಿ. ಆಗುತ್ತದೆ. ಕಾಳುಮೆಣಸು, ಅಡಿಕೆ ಸಸಿಗಳ ನರ್ಸರಿ ಜೊತೆಗೆ ನಾನು ನಡೆಸುವ ವೆಬ್‌ಸೈಟಿನಲ್ಲಿ ಈಗ 120ರ ಆಸುಪಾಸು ಪುಟಗಳಿವೆ. ಎರಡು ಮಳೆಗಾಲದಿಂದ ಒಂದು ಪುಟವನ್ನೂ ಬೇರೆಯವರ ಕೈಗೆ ಕೊಟ್ಟಿಲ್ಲ. ಆಗಲ್ಲ ಎಂದವರೇ ಈಗ ಹೇಗೆ ಎಂದು ಕೇಳುತ್ತಾರೆ.

ಮೊದಲು ದುಡ್ಡು ಹೋದ ದಾರಿ ಹೇಳುತ್ತೇನೆ. ನನ್ನ ಹಳೆಯ ಬರಹಗಳೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದವು. ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಿಸಿ, ತಿದ್ದಿ ಕೊಡುತ್ತೇನೆ ಎಂದು ಡಿಟಿಪಿ ಮಾಡುವವರೊಬ್ಬರು ಪುಟಕ್ಕೆ 30 ರೂಪಾಯಿಯಂತೆ ತೆಗೆದುಕೊಂಡರು. ‘ಶುದ್ದ’, ‘ಅಭಿವೃದ್ದಿ’ ಕಂಡ ಕೂಡಲೇ ಎಲ್ಲ ಕಡೆ ‘ದ್ದ’ ತೆಗೆದು ‘ದ್ಧ’ ಹಾಕಿಬಿಟ್ಟರು. ಶುದ್ಧ ಸರಿಯಾಯಿತು. ಇದ್ದ, ಉದ್ದ, ಮದ್ದು, ಗದ್ದೆ ಎಲ್ಲ ಕೆಟ್ಟವು. ಅದನ್ನು ಬಿಡಿಸಲು ಇನ್ನೊಬ್ಬರಿಗೆ ಕೊಟ್ಟೆ. ಒಟ್ಟು ಎಂಟೊಂಬತ್ತು ಸಾವಿರ ಹೋಗಿರಬೇಕು.

ಆಮೇಲೆ ಲಿಬ್ರೆಆಫೀಸ್ ಎಂಬ ಬರೆಯುವ ತಂತ್ರಾಂಶಕ್ಕೆ ತಪ್ಪು ಹಿಡಿಯುವ ಕನ್ನಡ ಪದಕೋಶ ಹಾಕಿಕೊಂಡೆ. ಪುಟವೆಲ್ಲ ಕೆಂಪು ಗೆರೆ. ‘ಹಾಕಿಕೊಂಡಿರಲಿಲ್ಲವಂತೆ’ ಎನ್ನುವಂಥ ಪದವನ್ನು ಯಾವ ಪಟ್ಟಿ ತಾನೇ ಹಿಡಿದಿಟ್ಟುಕೊಳ್ಳುತ್ತದೆ? ಸರಿಯಾದದ್ದಕ್ಕೂ ಗೆರೆ ಬಿದ್ದರೆ ತಪ್ಪಿಗೆ ಬಿದ್ದ ಗೆರೆ ಕಾಣುವುದೇ ಇಲ್ಲ. ಬರೆದು ಒಂದು ರಾತ್ರಿ ಬಿಟ್ಟು ಓದುವುದು, ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದು, ಎರಡನ್ನೂ ಮಾಡಿದೆ. ಸ್ವಲ್ಪ ಉಪಯೋಗವಾಯಿತು, ಸಾಲಲಿಲ್ಲ.

ಕೈಹಿಡಿದದ್ದು ಕಿವಿ. ಫೋನಿಗೆ ಓದಲು ಹೇಳಿ, ವೇಗ ಕಡಿಮೆ ಮಾಡಿ, ಪರದೆ ನೋಡದೆ ಕೇಳುತ್ತೇನೆ. ಎರಡು ಸಲ ಬಿದ್ದ ಪದ, ಬಿಟ್ಟುಹೋದ ಪದ, ‘ಸಸಿಗಳು ಒಣಗುತ್ತದೆ’ ಥರದ ವಾಕ್ಯ, ಉಸಿರುಗಟ್ಟಿಸುವಷ್ಟು ಉದ್ದದ ಸಾಲು, ಎಲ್ಲ ಸಿಗುತ್ತವೆ. ಹ್ರಸ್ವ-ದೀರ್ಘ, ಲ-ಳ ಕೂಡ ಕೇಳುತ್ತವೆ. ‘ಕೊಳೆ ರೋಗ’ದ ಪುಟದಲ್ಲಿ ‘ಕೊಲೆ ರೋಗ’ ಸಿಕ್ಕಿದ್ದು ಹೀಗೆ. ಎಷ್ಟು ಜನ ಕಣ್ಣಿನಿಂದ ಓದಿ ದಾಟಿದ್ದರೋ!

ಕಿವಿಗೆ ಸಿಗದವು ಶ-ಷ ಮತ್ತು ಮಹಾಪ್ರಾಣ. ಅವಕ್ಕೆ ಕಂಟ್ರೋಲ್ ಎಫ್. ಒಂದು ಸುತ್ತಿಗೆ ಒಂದೇ ಬಗೆಯ ತಪ್ಪು. ‘ದ್ದ’ ಹುಡುಕಿ ಒಂದೊಂದನ್ನೂ ನೋಡಿ ಮುಂದೆ ಹೋಗುವುದು. ‘ಎಲ್ಲವನ್ನೂ ಬದಲಿಸು’ ಗುಂಡಿಯನ್ನು ನಾನು ಈಗ ಒತ್ತುವುದು ಒಂದೇ ಕೆಲಸಕ್ಕೆ: ಅನುಸ್ವಾರದ ಜಾಗದಲ್ಲಿ ಕೂತ ಕನ್ನಡದ ಸೊನ್ನೆ ತೆಗೆಯಲು. ‘ಬೆ೦ಗಳೂರು’ ಮತ್ತು ‘ಬೆಂಗಳೂರು’ ಎಷ್ಟೋ ಫಾಂಟುಗಳಲ್ಲಿ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಬೇರೆ ಬೇರೆ. ನಮ್ಮ ಪುಟಗಳಲ್ಲಿ ಇಂಥವು ನೂರಾರು ಇದ್ದವು. ತೆಗೆದ ಮೇಲೆ ಸೈಟಿನೊಳಗಿನ ಹುಡುಕಾಟದಲ್ಲಿ ಹಳೆಯ ಲೇಖನಗಳು ಎದ್ದು ಬಂದವು. ನಾನು ಅಂಕಿಗಳನ್ನು 1, 2 ಎಂದೇ ಬರೆಯುವುದರಿಂದ ಇದು ಸಲೀಸು. ನೀವು ಕನ್ನಡ ಅಂಕಿ ಬಳಸುವವರಾದರೆ ಹೀಗೆ ಒಟ್ಟಿಗೆ ಬದಲಿಸಬೇಡಿ, ಇಸವಿಗಳೆಲ್ಲ ಹಾಳಾಗುತ್ತವೆ.

ಇನ್ನೊಂದು ಇದೇ ಜಾತಿಯದು. ‘ೀ’ ಒಂದೇ ಚಿಹ್ನೆಯಾಗಿಯೂ ಇರಬಹುದು, ಗುಡಿಸು ಮತ್ತು ದೀರ್ಘ ಎರಡು ತುಂಡಾಗಿಯೂ ಇರಬಹುದು. ಕಣ್ಣಿಗೆ ವ್ಯತ್ಯಾಸ ಇಲ್ಲ, ಹುಡುಕಾಟಕ್ಕೆ ಇದೆ. ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ಒಮ್ಮೆ ಹಾಯಿಸಿದರೆ ಮುಗಿಯಿತು.

ಕೊನೆಯ ಸುತ್ತು ಅಂಕಿಗಳದ್ದು. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಕೊಳೆ ರೋಗ ತಡೆಯಲು ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಇಲ್ಲಿ 100 ಹೋಗಿ 10 ಆದರೆ ಓದಿದವರ ತೋಟಕ್ಕೇ ಪೆಟ್ಟು. ಅಕ್ಷರ ತಪ್ಪಿದರೆ ಓದುಗ ಸರಿಮಾಡಿಕೊಂಡು ಓದುತ್ತಾನೆ, ಅಂಕಿ ತಪ್ಪಿದರೆ ಹಾಗೇ ನಂಬುತ್ತಾನೆ. ಅದಕ್ಕೇ ಪುಟದ ಎಲ್ಲ ಅಂಕಿಗಳನ್ನು ಹಾಳೆ ಮೇಲೆ ಇಳಿಸಿ, ಪೊಟ್ಟಣದ ಮೇಲಿನ ಬರಹದ ಜೊತೆ ಒಂದೊಂದಾಗಿ ತಾಳೆ ನೋಡುತ್ತೇನೆ.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. ಎಐ ಚಾಟ್‌ಬಾಟಿಗೆ ಮೂರ್ನಾಲ್ಕು ಪುಟ ಕೊಟ್ಟು ತಿದ್ದು ಎಂದೆ. ಕಾಗುಣಿತ ಪರವಾಗಿಲ್ಲ. ಆದರೆ ‘ಕೊಟ್ಟೆ ಕಟ್ಟುವುದು’ ಹೋಗಿ ‘ಬುಟ್ಟಿ ಕಟ್ಟುವುದು’ ಬಂದಿತ್ತು. ಕೊಟ್ಟೆ ಎಂದರೆ ಮಳೆ ನೀರು ತಾಗದಂತೆ ಗೊನೆಗೆ ಕಟ್ಟುವ ಹೊದಿಕೆ. ಮಳೆಯಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿದವರು ಆ ಸಾಲನ್ನು ಓದಿದರೆ ನಮ್ಮನ್ನು ನಂಬುತ್ತಾರಾ? ತಪ್ಪು ತೋರಿಸು, ಬದಲಿಸಬೇಡ ಎಂದು ಹೇಳಿದರೆ ತಕ್ಕಮಟ್ಟಿಗೆ ಕೆಲಸಕ್ಕೆ ಬರುತ್ತದೆ. ಪ್ರಿಂಟ್ ತೆಗೆದು ಓದುವುದೂ ಒಳ್ಳೆಯದೇ. ಪುಟಕ್ಕೆ 2 ರೂಪಾಯಿ, ಹೊಸ ಪುಟಕ್ಕೆ ಮಾತ್ರ ಮಾಡುತ್ತೇನೆ.

ನನ್ನದೇ ಒಂದು ಪಟ್ಟಿ ಇದೆ. ಇನ್ನೂರು ಚಿಲ್ಲರೆ ಪದ, ನನ್ನ ಬೆರಳು ಎಲ್ಲಿ ಜಾರುತ್ತದೋ ಅವು. ಅದನ್ನು ಕೊಡುವುದಿಲ್ಲ, ಕೊಟ್ಟರೂ ನಿಮಗೆ ಹೊಂದುವುದಿಲ್ಲ. ನಿಮ್ಮದನ್ನು ನೀವೇ ಮಾಡಿಕೊಳ್ಳಿ. ಅದನ್ನು ಒಂದೇ ಏಟಿಗೆ ಹುಡುಕುವ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೊದಲು ಸೀಸನ್ನಿನಲ್ಲಿ ‘ಇದು ಎಷ್ಟು ಹಾಕಬೇಕು, ಸರಿ ಹೇಳಿ’ ಎಂದು ದಿನಕ್ಕೆ ಏಳೆಂಟು ಫೋನ್ ಬರುತ್ತಿದ್ದವು. ಈಗ ಎರಡೋ ಮೂರೋ, ಅದರಲ್ಲೂ ಜಾಸ್ತಿ ಸಸಿ ಬೇಕು ಎನ್ನುವವರದ್ದೇ.