ಹನ್ನೆರಡನೇ ಫ್ರೆಟ್ಟಿಗೊಂದು ಬುರುಡೆ

"ಗಿಟಾರಿಗೆ ತಲೆಬುರುಡೆ ಯಾಕೆ ಮಾರಾಯ?" ಅಂತ ಅಮ್ಮ ಕೇಳಿದರು. ಕಾಳಿಯ ಕೊರಳಲ್ಲಿ ಸಾಲಾಗಿ ಇಲ್ವಾ ಅಂದೆ. ಮೆಟಾಲಿಕಾ ಬ್ಯಾಂಡಿನ ಕರ್ಕ್ ಹ್ಯಾಮೆಟ್ ಗಿಟಾರಿನಲ್ಲಿ ನೋಡಿದಾಗಿನಿಂದ, ನನ್ನ ಗಿಟಾರಿನ ಹನ್ನೆರಡನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರವೂ ಚಿಪ್ಪಿನ ಬುರುಡೆ ಕೂರಿಸುವ ಆಸೆ.

ಮಲ್ಪೆಯಲ್ಲಿ ಹೆಕ್ಕಿದ ಮರುವಾಯಿ ಚಿಪ್ಪು ಬೇಡ, ಅದಕ್ಕೆ ಮುತ್ತಿನ ಹೊಳಪಿಲ್ಲ. ಸುಮಾರು 1.5 ಮಿ.ಮೀ. ದಪ್ಪದ ಮುತ್ತಿನ ಚಿಪ್ಪಿನ ತುಂಡು ತನ್ನಿ. ಮೇಲೆ ಬುರುಡೆಯ ಚಿತ್ರ ಅಂಟಿಸಿ, ಅಕ್ಕಸಾಲಿಗರ ಸಣ್ಣ ಗರಗಸದಲ್ಲಿ ಕತ್ತರಿಸಿ. ಮೊದಲು ಕಣ್ಣಿನ ತೂತು, ಆಮೇಲೆ ಹೊರಗಿನ ಗೆರೆ. ನಾನು ಉಲ್ಟಾ ಮಾಡಿ ದವಡೆ ಮುರಿದೆ. ಪುಡಿ ಶ್ವಾಸಕೋಶಕ್ಕೆ ಕೆಟ್ಟದು, ಮಾಸ್ಕ್ ಬೇಕೇ ಬೇಕು.

ಕತ್ತರಿಸಿದ ಬುರುಡೆಯನ್ನು ಫಿಂಗರ್‌ಬೋರ್ಡ್ (ಬೆರಳೊತ್ತುವ ಮರದ ಪಟ್ಟಿ) ಮೇಲಿಟ್ಟು ಸೂಜಿಯಿಂದ ಸುತ್ತ ಗೀರಿ, ಮರ ಕೊರೆಯುವ ಪುಟ್ಟ ರೂಟರ್ ಯಂತ್ರದಲ್ಲಿ ಗುಳಿ ಕೊರೆಯಿರಿ. ಎಪಾಕ್ಸಿ ಅಂಟಿಗೆ ಅದೇ ಮರದ ಪುಡಿ ಕಲಸಿ ಗುಳಿಗೆ ಹಾಕಿ, ಬುರುಡೆಯನ್ನು ಒತ್ತಿ. ಸಂದು ಮುಚ್ಚುತ್ತದೆ, ಮರ ಕಪ್ಪಾಗಿದ್ದರೆ ಕಣ್ಣಿನ ಗುಳಿಯೂ ಕಪ್ಪಾಗುತ್ತದೆ. ಮರುದಿನ ಫ್ರೆಟ್ ತಾಗದ ಹಾಗೆ ನಿಧಾನ ಉಜ್ಜಿ. ನಮ್ಮ ಮಳೆಗಾಲದಲ್ಲಿ ಮಾತ್ರ ಬೇಡ, ಮರ ಉಬ್ಬಿರುತ್ತದೆ.