ಹಲ್ಲು ನೋಡಿ ವ್ಯಾಪಾರ: ಟ್ರೇಡ್ ಡೆಡ್‌ಲೈನ್ ರಾತ್ರಿ ಎದ್ದು ಕೂರುವವರಿಗೆ

ನಾನು ಐಸ್ ಹಾಕಿಯಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ಕಡೆಯವನು. ಇರೋದು ತುಮಕೂರಿನ ಎಸ್.ಎಸ್. ಪುರಂ. ಕೆನಡಾದ ಲಾರಿ ಕಂಪನಿಗಳ ಬಿಲ್ ಕೆಲಸವನ್ನು ರಾತ್ರಿ ಪಾಳಿಯಲ್ಲಿ ಮನೆಯಿಂದಲೇ ಮಾಡುತ್ತೇನೆ. ಆ ಕಡೆಯವರು ಫೋನ್ ಎತ್ತಿದರೆ ಮೊದಲು ಹಾಕಿ, ಆಮೇಲೆ ಬಿಲ್ಲು. ಹಾಗೆ ಹತ್ತಿದ ಹುಚ್ಚು ಇದು. 1967ರ ನಂತರ ಲೀಗಿನ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ಪೇ ಗೆಲ್ಲದ ಟೀಮು. ಆರ್‌ಸಿಬಿ ನೋಡಿಕೊಂಡು ಬೆಳೆದವನಿಗೆ ಕಾಯೋದೇನು ಹೊಸದಾ?

ಪ್ರತಿ ವರ್ಷ ಮಾರ್ಚ್ ಮೊದಲ ವಾರದ ಸುಮಾರಿಗೆ ಎನ್‌ಎಚ್‌ಎಲ್‌ನಲ್ಲಿ, ಅಂದರೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗಿನಲ್ಲಿ, ಟೀಮುಗಳ ನಡುವೆ ಆಟಗಾರರ ಅದಲುಬದಲಿಗೆ ಗಡುವು ಬರುತ್ತದೆ. ಅದೇ ಟ್ರೇಡ್ ಡೆಡ್‌ಲೈನ್. 2025ರಲ್ಲಿ ಅದು ಮಾರ್ಚ್ 7, ಟೊರಾಂಟೊ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ. ನಮಗೆ ರಾತ್ರಿ ಒಂದೂವರೆ. ಒಂದೂವರೆ ಆಯ್ತು ಅಂತ ಮಲಗಬೇಡಿ. ಗಡುವಿನೊಳಗೆ ಲೀಗ್‌ಗೆ ತಿಳಿಸಿದ ವ್ಯಾಪಾರಗಳ ಸುದ್ದಿ ಆಮೇಲೂ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಳ್ಳಿ.

ಕೆಲಸ ಮಾತ್ರ ಆ ರಾತ್ರಿಗಿಂತ ಒಂದು ವಾರ ಮೊದಲೇ ಶುರುವಾಗಬೇಕು. ನಿಮ್ಮ ಟೀಮಿಗೆ ಏನು ಕಮ್ಮಿ ಇದೆ ಅಂತ ಒಂದೇ ಒಂದು ಸಾಲಿನಲ್ಲಿ ಬರೆದಿಡಿ. ಆ ವರ್ಷ ನಾನು ಬರೆದದ್ದು: 'ಬಲಗೈ ಡಿಫೆನ್ಸ್‌ಮನ್, ಮೂರನೇ ಸಾಲಿಗೆ ಒಬ್ಬ ಸೆಂಟರ್.' ಡಿಫೆನ್ಸ್‌ಮನ್ ಅಂದರೆ ಹಿಂದೆ ನಿಂತು ತಡೆಯುವವನು. ಸಾಲು ಅಂದರೆ ಒಟ್ಟಿಗೆ ಇಳಿಯುವ ಮೂವರು ಮುನ್ನುಗ್ಗುವವರು, ಅವರ ನಡುವಿನವನೇ ಸೆಂಟರ್. ಮೊದಲೇ ಬರೆಯದೆ ಹೋದರೆ ಏನಾಗುತ್ತೆ ಅಂದರೆ, ಯಾರು ಬಂದರೂ 'ಇವನೇ ಬೇಕಿತ್ತು' ಅನ್ನಿಸಿಬಿಡುತ್ತದೆ. ಜಾತ್ರೆಗೆ ಹಸು ತರಲು ಹೋಗಿ ಚೆಂದದ ಕೊಂಬು ನೋಡಿ ಎತ್ತು ಹೊಡೆದುಕೊಂಡು ಬಂದ ಹಾಗೆ.

ಜಾತ್ರೆ ಅಂದೆನಲ್ಲ, ಈ ವಿದ್ಯೆ ನಾನು ಕಲಿತದ್ದೇ ಅಲ್ಲಿ. ಸಿದ್ಧಗಂಗೆಯಲ್ಲಿ ಶಿವರಾತ್ರಿ ಆಸುಪಾಸಿಗೆ ದನದ ಜಾತ್ರೆ ಸೇರುತ್ತದೆ. ಅಪ್ಪನ ಜೊತೆ ಚಿಕ್ಕಂದಿನಿಂದ ಹೋಗಿದ್ದೇನೆ. ದಲ್ಲಾಳಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ರೇಟು ಕೇಳುತ್ತಾನೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಲ್ಲ. ಅಪ್ಪ ಬೆರಳು ಕೊಡುವ ಮೊದಲು ಎತ್ತಿನ ಮೂಗು ಹಿಡಿದು, ತುಟಿ ಮಗುಚಿ, ಹಲ್ಲು ಎಣಿಸುತ್ತಾರೆ. ಎರಡು ಹಲ್ಲಾ, ನಾಲ್ಕಾ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯಾ ಅಂತ. ಎತ್ತಿನ ವಯಸ್ಸು ತಿಳಿಯೋದು ಹಲ್ಲಿನಲ್ಲೇ. ಆಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ.

ಆಟಗಾರನ ಹಲ್ಲು ಅಂದರೆ ಮೂರು ವಿಷಯ. ವಯಸ್ಸು, ಒಪ್ಪಂದ ಮುಗಿಯುವ ವರ್ಷ, ಸಂಬಳ. ನೋಟ್‌ಬುಕ್ಕಿನ ನಡುವೆ ಗೆರೆ ಎಳೆಯಿರಿ. ಒಂದು ಕಡೆ ಬಂದದ್ದು, ಇನ್ನೊಂದು ಕಡೆ ಕೊಟ್ಟದ್ದು. ಬೋಸ್ಟನ್‌ನಿಂದ ನಮಗೆ ಬ್ರ್ಯಾಂಡನ್ ಕಾರ್ಲೊ ಬಂದ. 28 ವರ್ಷ, ಬಲಗೈ, ಒಪ್ಪಂದ 2027ರ ತನಕ. ಫಿಲಡೆಲ್ಫಿಯಾದಿಂದ ಸ್ಕಾಟ್ ಲಾಟನ್ ಬಂದ. 30 ವರ್ಷ, ಸೆಂಟರ್, ಇನ್ನೊಂದು ಸೀಸನ್ ಬಾಕಿ. ನಾನು ಬರೆದಿಟ್ಟ ಸಾಲಿನ ಎರಡೂ ತುಂಬಿತು.

ಸಂಬಳದ ಕಡೆ ಜಾಸ್ತಿ ಕಣ್ಣಿಡಿ. ಆ ಸೀಸನ್‌ನಲ್ಲಿ ಒಂದು ಟೀಮಿನ ಸಂಬಳದ ಮಿತಿ 8.8 ಕೋಟಿ ಡಾಲರ್. ಲಾಟನ್ ಸಂಬಳ ವರ್ಷಕ್ಕೆ 30 ಲಕ್ಷ ಡಾಲರ್, ಅದರಲ್ಲಿ ಅರ್ಧ ಫಿಲಡೆಲ್ಫಿಯಾವೇ ಹೊತ್ತುಕೊಂಡಿತು. ಎತ್ತು ಮಾರಿದವನೇ ಮೇವನ್ನೂ ಕಳಿಸಿಕೊಟ್ಟ ಹಾಗೆ. ಹೀಗೆ ಅರ್ಧದವರೆಗೆ ಹೊರಲು ನಿಯಮದಲ್ಲಿ ಅವಕಾಶ ಇದೆ. ಆದರೆ ಆ ಮೇವಿನ ದುಡ್ಡನ್ನು ಬೆಲೆಯಲ್ಲಿ ಸೇರಿಸಿಯೇ ವಸೂಲಿ ಮಾಡುತ್ತಾರೆ, ಬಿಟ್ಟಿ ಯಾರೂ ಕೊಡಲ್ಲ.

ಕೊಟ್ಟ ಕಡೆಯ ಪಟ್ಟಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾರ್ಲೊಗೆ 20 ವರ್ಷದ ಫ್ರೇಸರ್ ಮಿಂಟೆನ್, 2026ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್, ಮೇಲೊಂದು ನಾಲ್ಕನೇ ಸುತ್ತಿನದು. ಲಾಟನ್‌ಗೆ ನಿಕಿತಾ ಗ್ರೆಬೆಂಕಿನ್, ಜೊತೆಗೆ 2027ರ ಮೊದಲ ಸುತ್ತಿನದು. ಡ್ರಾಫ್ಟ್ ಪಿಕ್ ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ. ಏಳು ಸುತ್ತು ಇರುತ್ತದೆ, ಬೆಲೆ ಇರೋದು ಮೊದಲನೆಯದಕ್ಕೆ. ಅಪ್ಪನಿಗೆ ಇದನ್ನು ವಿವರಿಸಿದಾಗ 'ಕೂಸು ಹುಟ್ಟೋಕೆ ಮುಂಚೆ ಕುಲಾವಿ' ಅಂದರು. ಈ ಪಿಕ್‌ಗಳಿಗೆ ಷರತ್ತು ಇರುತ್ತದೆ, ಅದನ್ನು ಓದದೆ ಬೈಯಬೇಡಿ. ಉದಾಹರಣೆಗೆ 2026ರ ಪಿಕ್ ಮೊದಲ ಐದರೊಳಗೆ ಬಿದ್ದರೆ ಆ ವರ್ಷ ಟೊರಾಂಟೊ ಅದನ್ನು ಕೊಡಬೇಕಾಗಿಲ್ಲ ಅನ್ನೋದು ಷರತ್ತಾಗಿತ್ತು.

ಇಷ್ಟು ಬರೆದು ಪುಸ್ತಕ ಮುಚ್ಚಿ. ಆ ರಾತ್ರಿಯೇ ಮಾರ್ಕ್ಸ್ ಹಾಕಬೇಡಿ. ನಾನು ಹಾಕಿ ಕೆಟ್ಟೆ. ಲೀಫ್ಸ್‌ಗೆ ಹತ್ತಕ್ಕೆ ಎಂಟು ಕೊಟ್ಟೆ. ಅದೇ ದಿನ ಫ್ಲೋರಿಡಾ ಪ್ಯಾಂಥರ್ಸ್ ಬೋಸ್ಟನ್ ನಾಯಕ ಬ್ರ್ಯಾಡ್ ಮಾರ್ಶಂಡ್‌ನನ್ನು ತಗೊಂಡಿತ್ತು. 36 ವರ್ಷ, ಗಾಯ ಆಗಿ ಹೊರಗೆ ಕೂತಿದ್ದ, ಒಪ್ಪಂದವೂ ಆ ಬೇಸಿಗೆಗೇ ಮುಗಿಯುವಂಥದ್ದು. ಕೊಟ್ಟದ್ದು ಎರಡನೇ ಸುತ್ತಿನ ಒಂದು ಪಿಕ್. ಫ್ಲೋರಿಡಾ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್‌ನಲ್ಲಿ, ಎರಡು ಸುತ್ತು ಗೆದ್ದು, ಅವನೂ ಅರ್ಧದಷ್ಟು ಪಂದ್ಯ ಆಡಿದರೆ ಅದು ಮೊದಲ ಸುತ್ತಿನದಾಗಬೇಕು. ನಾನು ಮೂರು ಮಾರ್ಕ್ಸ್ ಹಾಕಿ ನಕ್ಕೆ.

ಬೆಳಗ್ಗೆ ಅಪ್ಪನಿಗೆ ಹೇಳಿದೆ. ಕೊಟ್ಟಿಗೆ ಗುಡಿಸುತ್ತಿದ್ದರು, ಪೊರಕೆ ನಿಲ್ಲಿಸಲಿಲ್ಲ. 'ಕುಂಟೋ ಎತ್ತು ಕಮ್ಮಿಗೆ ಸಿಕ್ರೆ ಬಿಡಬಾರ್ದು ಕಣೋ. ಗೊರಸು ವಾಸಿಯಾಗತ್ತಾ ಅಂತ ಅಷ್ಟೇ ನೋಡ್ಬೇಕು' ಅಂದರು.

ಮೇ ತಿಂಗಳಲ್ಲಿ ಪ್ಲೇಆಫ್‌ನ ಎರಡನೇ ಸುತ್ತಿಗೆ, ಏಳು ಪಂದ್ಯದ ಸರಣಿಯಲ್ಲಿ, ನಮ್ಮ ಎದುರು ಸಿಕ್ಕಿದ್ದೇ ಫ್ಲೋರಿಡಾ. ಮೊದಲ ಎರಡು ಪಂದ್ಯ ನಾವು ಗೆದ್ದೆವು. ಮೂರನೆಯದು ನಮ್ಮ ಬೆಳಗಿನ ಜಾವಕ್ಕೆ ಶುರುವಾಗಿ 4-4ರಲ್ಲಿ ಓವರ್‌ಟೈಮಿಗೆ ಹೋಯಿತು. ಗೋಲು ಹೊಡೆದವನು ಮಾರ್ಶಂಡ್. ಏಳನೇ ಪಂದ್ಯದಲ್ಲಿ ಟೊರಾಂಟೊದಲ್ಲೇ 6-1ರಿಂದ ಸೋತೆವು. ನಮ್ಮನ್ನು ಸೋಲಿಸಿದ್ದಕ್ಕೇ ಆ ಎರಡು ಸುತ್ತಿನ ಷರತ್ತು ಪೂರ್ತಿಯಾಯಿತು, ಬೋಸ್ಟನ್‌ಗೆ ಮೊದಲ ಸುತ್ತಿನ ಪಿಕ್ ಸಿಕ್ಕಿತು. ಜೂನ್‌ನಲ್ಲಿ ಫ್ಲೋರಿಡಾ ಕಪ್ಪನ್ನೂ ಎತ್ತಿತು, ಫೈನಲ್‌ನಲ್ಲಿ ಮಾರ್ಶಂಡ್‌ನದ್ದೇ ಆರು ಗೋಲು. ಬಾಡಿಗೆ ಎತ್ತು ಅಂದುಕೊಂಡಿದ್ದವನು ಆರು ವರ್ಷಕ್ಕೆ ಅಲ್ಲೇ ಸಹಿ ಹಾಕಿದ.

ಹಾಗಾಗಿ ಈಗ ಪುಸ್ತಕ ತೆಗೆಯೋದು ಮೂರು ಸಲ. ಪ್ಲೇಆಫ್ ಮುಗಿದ ಮೇಲೆ ಒಂದು ಸಲ. ಜುಲೈ 1 ಆದ ಮೇಲೆ ಇನ್ನೊಂದು ಸಲ, ಒಪ್ಪಂದ ಮುಗಿದವರು ಉಳಿದರಾ ಹೋದರಾ ಅಂತ ಆಗ ಗೊತ್ತಾಗುತ್ತದೆ. ಕೊಟ್ಟ ಪಿಕ್‌ನಲ್ಲಿ ಯಾವ ಹುಡುಗ ಆಯ್ಕೆಯಾದ ಅಂತ ತಿಳಿದ ದಿನ ಕೊನೆಯ ಸಲ. ಮಾರ್ಕ್ಸ್ ಪೆನ್ಸಿಲ್‌ನಲ್ಲಿ ಹಾಕಿ. ನಾನು ಆ ಎಂಟನ್ನು ಪೆನ್ನಿನಲ್ಲಿ ಬರೆದಿದ್ದೆ, ಹೊಡೆದು ಹಾಕಿದ ಗೆರೆಗೆ ಹಾಳೆ ಹರಿದಿದೆ.